ಕಥೆ ಕೇಳಿದ ಭಾಗ, ಗಲ್ಲಾಪೆಟ್ಟಿಗೆ ಕೇಳಿದ ಭಾಗ

ಕೇಳುಗರೆಲ್ಲರಿಗೂ ನಮಸ್ಕಾರ. ತುಮಕೂರಿನ ಕಾಲೇಜು ವಿದ್ಯಾರ್ಥಿಗಳಿಗೆ ಚಲನಚಿತ್ರ ರಸಗ್ರಹಣದ ತರಗತಿಗಳನ್ನು ನಡೆಸುತ್ತಾ ಬಂದಿರುವ ನನಗೆ ಈ ಹೊತ್ತು ಸಿನಿಮಾಗಳ ಮುಂದುವರಿದ ಭಾಗಗಳು, ಮೂರು ಭಾಗಗಳ ಚಿತ್ರಮಾಲೆಗಳು ಮತ್ತು ಅದ್ಭುತ ಕಾದಂಬರಿಗಳನ್ನು ಆಧರಿಸಿದ ಚಿತ್ರಗಳ ಕುರಿತು ಮಾತನಾಡುವ ಅವಕಾಶ ದೊರೆತಿದೆ. ಪಾಠ ಮುಗಿಸಿ ಗುಬ್ಬಿಗೋ ಕೊರಟಗೆರೆಗೋ ಹೋಗುವ ಬಸ್ಸಿನಲ್ಲಿ ಕುಳಿತು, ಪಕ್ಕದ ಗೆಳೆಯನೊಂದಿಗೆ ಮೊದಲ ಭಾಗ ಮೇಲೋ ಎರಡನೆಯ ಭಾಗ ಮೇಲೋ ಎಂದು ಊರು ಬರುವವರೆಗೂ ವಾದಿಸುವ ತರುಣ ತರುಣಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಮಾತುಗಳನ್ನು ಆಡುತ್ತಿದ್ದೇನೆ. ನಿಮ್ಮ ವಾದವನ್ನು ನಾನು ಬಹಳ ಗೌರವಿಸುತ್ತೇನೆ. ಆದರೆ ಆ ವಾದದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೀವು ಕೇಳುತ್ತೀರಿ ಎಂಬುದೇ ನನ್ನ ತಕರಾರು.

ಆ ಪ್ರಶ್ನೆ ಬಹಳ ಸರಳವಾದದ್ದು. ಈ ಭಾಗವನ್ನು ಕಥೆ ಕೇಳಿತೇ, ಗಲ್ಲಾಪೆಟ್ಟಿಗೆ ಕೇಳಿತೇ? ಇಷ್ಟೇ. ಯಾವ ಭಾಗದಲ್ಲಿ ಹೊಡೆದಾಟ ಹೆಚ್ಚು, ಯಾವುದರಲ್ಲಿ ಗ್ರಾಫಿಕ್ಸ್ ಚೆನ್ನಾಗಿದೆ, ಪುಸ್ತಕದ ಯಾವ ಪಾತ್ರವನ್ನು ಕೈಬಿಟ್ಟರು ಎಂಬ ಲೆಕ್ಕಗಳೆಲ್ಲ ಇದರ ಮುಂದೆ ಸಣ್ಣವು.

ಒಬ್ಬನೇ ಲೇಖಕ, ಒಬ್ಬನೇ ನಿರ್ದೇಶಕ, ಅದೇ ನ್ಯೂಜಿಲೆಂಡ್ ದೇಶದ ಬೆಟ್ಟಗುಡ್ಡಗಳು, ಆದರೂ ಫಲ ಬೇರೆ ಬೇರೆಯಾದ ಉದಾಹರಣೆಯೊಂದು ನಮ್ಮ ಕಣ್ಣೆದುರಿಗೇ ಇದೆ. ಜೆ. ಆರ್. ಆರ್. ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತಾದರೂ, ಲೇಖಕನ ಮನಸ್ಸಿನಲ್ಲಿ ಅದು ಒಂದೇ ಕಥೆಯಾಗಿತ್ತು. ಮಹಾಯುದ್ಧದ ನಂತರ ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಸಾವಿರ ಪುಟಗಳ ಪುಸ್ತಕವನ್ನು ಒಂದೇ ಸಲಕ್ಕೆ ಅಚ್ಚು ಹಾಕುವ ಧೈರ್ಯ ಪ್ರಕಾಶಕರಿಗೆ ಇರಲಿಲ್ಲ. ಪೀಟರ್ ಜಾಕ್ಸನ್ ಅದನ್ನು ಮೂರು ಚಿತ್ರಗಳಾಗಿ ಒಟ್ಟಿಗೇ ಚಿತ್ರೀಕರಿಸಿ 2001, 2002 ಮತ್ತು 2003ರಲ್ಲಿ ಬಿಡುಗಡೆ ಮಾಡಿದರು. ಮೂರೂ ಸೇರಿ ಒಂಬತ್ತು ಗಂಟೆಗೂ ಮಿಕ್ಕಿದ ಆ ಚಿತ್ರಗಳಲ್ಲಿ ಕೊನೆಯದು ತಾನು ಸ್ಪರ್ಧಿಸಿದ 11 ವಿಭಾಗಗಳಲ್ಲಿಯೂ ಆಸ್ಕರ್ ಪಡೆಯಿತು. ತೊಟ್ಟವರನ್ನು ಮಾಯವಾಗಿಸುವ, ಅವರ ಮನಸ್ಸನ್ನೂ ಕೆಡಿಸುವ ಉಂಗುರವೊಂದು ತನ್ನನ್ನು ನಾಶಮಾಡಬಲ್ಲ ಬೆಂಕಿಯ ಬೆಟ್ಟವನ್ನು ಸೇರುವವರೆಗೂ ಆ ಕಥೆ ಮುಗಿಯುವಂತಿರಲಿಲ್ಲ. ಹಾಗಾಗಿ ಎರಡನೆಯ ಭಾಗವನ್ನೂ ಮೂರನೆಯ ಭಾಗವನ್ನೂ ಕೇಳಿದ್ದು ಕಥೆಯೇ.

ಇಲ್ಲಿ ಪುಸ್ತಕಪ್ರಿಯರು ಟಾಮ್ ಬೊಂಬಾಡಿಲ್ ಎಲ್ಲಿ ಹೋದ ಎಂದು ಕೇಳುತ್ತಾರೆ. ನನ್ನ ತರಗತಿಗಳಲ್ಲಿ ಈ ಪ್ರಶ್ನೆ ಬಾರದ ವರ್ಷವೇ ಇಲ್ಲ. ಕಾಡಿನ ಅಂಚಿನಲ್ಲಿ ಹಾಡುತ್ತಾ ಬದುಕುವ ಆತ ಪುಸ್ತಕದಲ್ಲಿ ಉಂಗುರವನ್ನು ಬೆರಳಿಗೆ ತೊಟ್ಟುಕೊಂಡರೂ ಮಾಯವಾಗುವುದಿಲ್ಲ, ಅದರ ಮಾಯೆ ಅವನನ್ನು ತಟ್ಟುವುದೇ ಇಲ್ಲ. ಓದುಗನಿಗೆ ಅದು ಸೊಗಸಾದ ಪ್ರಸಂಗ. ಆದರೆ ಆ ಉಂಗುರ ಎಂಥವರನ್ನೂ ಕೆಡಿಸಬಲ್ಲದು ಎಂಬ ಭಯವನ್ನು ಪ್ರೇಕ್ಷಕನಲ್ಲಿ ಆಗಷ್ಟೇ ಬಿತ್ತುತ್ತಿರುವ ಚಿತ್ರದಲ್ಲಿ, ಅದನ್ನು ಆಟಿಕೆಯಂತೆ ತಿರುಗಿಸಿ ಹಿಂದಿರುಗಿಸುವ ಮನುಷ್ಯನೊಬ್ಬ ಬಂದರೆ ಭಯವೆಲ್ಲ ಇಳಿದುಹೋಗುತ್ತದೆ. ನಿರ್ದೇಶಕರು ಅವನನ್ನು ಬಿಟ್ಟದ್ದು ಕಥೆಯ ಮೇಲಿನ ಪ್ರೀತಿಯಿಂದ. ದಯವಿಟ್ಟು ಬಿಟ್ಟದ್ದನ್ನು ಎಣಿಸುತ್ತಾ ಕೂರಬೇಡಿ.

ಈಗ ಅದೇ ಲೇಖಕ 1937ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ‘ದಿ ಹಾಬಿಟ್’ ಪುಸ್ತಕವನ್ನು ನೋಡೋಣ. ಸುಮಾರು 300 ಪುಟಗಳ, 19 ಅಧ್ಯಾಯಗಳ ಪುಟ್ಟ ಪುಸ್ತಕ ಅದು. ಮೊದಲು ಎರಡು ಚಿತ್ರಗಳೆಂದು ಯೋಜಿಸಿದ್ದವರು 2012ರಲ್ಲಿ, ಮೊದಲ ಚಿತ್ರ ತೆರೆಗೆ ಬರಲು ಕೆಲವೇ ತಿಂಗಳಿದ್ದಾಗ, ಮೂರು ಚಿತ್ರಗಳೆಂದು ಘೋಷಿಸಿದರು. ಸಾವಿರ ಪುಟಗಳಿಗೆ ಒಂಬತ್ತು ಗಂಟೆ ಸಾಕಾಗಿತ್ತು, 300 ಪುಟಗಳಿಗೆ ಎಂಟು ಗಂಟೆಗಳ ಸಮೀಪಕ್ಕೆ ಬಂದು ನಿಂತಿತು. ಪಾವು ಹಿಟ್ಟಿಗೆ ಕೊಪ್ಪರಿಗೆ ನೀರಿಟ್ಟು ಮುದ್ದೆ ತೊಳಸಲು ಹೊರಟರೆ ಏನಾಗುತ್ತದೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಒಂದು ಪ್ರಸಂಗವನ್ನು ಮಾತ್ರ ಹತ್ತಿರದಿಂದ ಗಮನಿಸಿ. ಪುಸ್ತಕದ ಕೊನೆಯಲ್ಲಿ ಐದು ಸೈನ್ಯಗಳ ಮಹಾಯುದ್ಧ ನಡೆಯುತ್ತದೆ. ಕಥಾನಾಯಕ ಬಿಲ್ಬೋ ಯುದ್ಧವೀರನಲ್ಲ. ಬೆಚ್ಚಗಿನ ಮನೆ, ಹೊತ್ತುಹೊತ್ತಿಗೆ ಊಟ ಇವುಗಳನ್ನು ಇಷ್ಟಪಡುವ ಸಣ್ಣ ದೇಹದ ಗೃಹಸ್ಥ. ಯುದ್ಧ ಕಾವೇರುತ್ತಿರುವಾಗಲೇ ಅವನ ತಲೆಗೆ ಕಲ್ಲೊಂದು ಬಡಿಯುತ್ತದೆ, ಅವನು ಎಚ್ಚರ ತಪ್ಪಿ ಬೀಳುತ್ತಾನೆ. ಕಣ್ಣು ಬಿಟ್ಟಾಗ ಎಲ್ಲವೂ ಮುಗಿದಿರುತ್ತದೆ, ಸುತ್ತಲೂ ಜನವಿಲ್ಲ, ಗೆದ್ದವರು ಯಾರೆಂದೂ ಅವನಿಗೆ ತಿಳಿಯದು. ಟೋಲ್ಕಿನ್ ಸ್ವತಃ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ಸೊಮ್ ರಣರಂಗವನ್ನು ಕಂಡು ಬಂದವನು. ಅಂಥವನು ಯುದ್ಧವನ್ನು ಬೇಕೆಂದೇ ಕಥಾನಾಯಕನ ಕಣ್ಣಿನಿಂದ ಮರೆಮಾಡಿದ್ದಾನೆ. ಮೂರನೆಯ ಚಿತ್ರದಲ್ಲಿಯೂ ಬಿಲ್ಬೋ ಎಚ್ಚರ ತಪ್ಪುತ್ತಾನೆ, ನಿಜ. ಆದರೆ ನಮಗೆ ಮಾತ್ರ ಆ ಯುದ್ಧದಿಂದ ಬಿಡುಗಡೆಯಿಲ್ಲ. ಪುಸ್ತಕದಲ್ಲಿ ಹೆಸರೇ ಇಲ್ಲದ ಪಾತ್ರಗಳು ಬಂದು ಕಾದಾಡುತ್ತವೆ, ಪ್ರೀತಿಸುತ್ತವೆ, ಅಳುತ್ತವೆ. ಯಾರ ಕಥೆಯೋ ಅವನೇ ಮೂಲೆ ಸೇರುತ್ತಾನೆ. ಆ ಯುದ್ಧವನ್ನು ಅಷ್ಟು ಹೊತ್ತು ತೋರಿಸೆಂದು ಕೇಳಿದವರು ಯಾರು? ಕಥೆಯಂತೂ ಅಲ್ಲ.

ಈ ವಿಚಾರವನ್ನು ನನಗೆ ಬಾಲ್ಯದಲ್ಲಿಯೇ ಕಲಿಸಿಕೊಟ್ಟದ್ದು ಮಧುಗಿರಿ ಸೀಮೆಯ ನಮ್ಮ ಹಳ್ಳಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ನಾಡಿನಲ್ಲೆಲ್ಲ ಇರುವುದನ್ನು ನೀವು ಬಲ್ಲಿರಿ. ಹಾಗೆ ಒಂದು ವರ್ಷ ನಮ್ಮೂರಿನ ಆಂಜನೇಯನ ಗುಡಿಯ ಮುಂದೆ ಕುಮಾರವ್ಯಾಸ ಭಾರತದ ವಾಚನ ಏರ್ಪಾಟಾಯಿತು. ಪದ್ಯ ಹಾಡುವವರು ಒಬ್ಬರು, ಅರ್ಥ ಬಿಡಿಸಿ ಹೇಳುವವರು ಇನ್ನೊಬ್ಬರು. ಕೀಚಕವಧೆ ಮುಗಿದು ಉತ್ತರಕುಮಾರನ ಪ್ರಸಂಗ ಬಂದಿತು. ಕೌರವರು ವಿರಾಟನ ದನಗಳನ್ನು ಹೊಡೆದುಕೊಂಡು ಹೋಗಿದ್ದಾರೆ, ಗೋವಳರು ಬಂದು ದೂರಿದ್ದಾರೆ, ಉತ್ತರನು ಅಂತಃಪುರದ ಹೆಂಗಸರ ನಡುವೆ ಕುಳಿತು ತಾನು ಭೀಷ್ಮ, ದ್ರೋಣ, ಕರ್ಣರನ್ನು ಏನೇನು ಮಾಡಿಬಿಡುವೆನೆಂದು ಕೊಚ್ಚಿಕೊಳ್ಳುತ್ತಿದ್ದಾನೆ. ಮೊದಲ ರಾತ್ರಿ ಜನ ಬಿದ್ದು ಬಿದ್ದು ನಕ್ಕರು. ವ್ಯಾಖ್ಯಾನಕಾರರಿಗೆ ಹುರುಪು ಬಂದಿತು. ಮರುದಿನ ಅವರು ಉತ್ತರನ ಪೇಟಾ ಎಂಥದು, ಮೀಸೆ ಎಂಥದು, ಯಾವ ದಾಸಿಯ ಕಡೆ ತಿರುಗಿ ಏನೆಂದ ಎಂದು ಬೆಳೆಸಿದರು. ಅಕ್ಕಪಕ್ಕದ ಊರಿನವರೂ ಬಂದು ಕೂತರು, ಮಂಗಳಾರತಿ ತಟ್ಟೆಗೆ ಕಾಸು ಹೆಚ್ಚಾಗಿ ಬಿದ್ದಿತು. ಅದರ ಮರುದಿನವೂ ಉತ್ತರ ಅಂತಃಪುರದಲ್ಲಿಯೇ ಇದ್ದ. ಈಗ ನಗು ಮುಂದಿನ ಸಾಲಿನ ಹುಡುಗರಿಂದ ಮಾತ್ರ ಬರುತ್ತಿತ್ತು. ಆಗ ಕಂಬಕ್ಕೆ ಒರಗಿ ಕುಳಿತಿದ್ದ ಮುದುಕಿಯೊಬ್ಬಳು, ಎಂದೂ ಗಟ್ಟಿಯಾಗಿ ಮಾತನಾಡದವಳು, ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಕೇಳಿಯೇಬಿಟ್ಟಳು: “ಅಲ್ಲಾ ಸ್ವಾಮಿ, ಈ ಹುಡುಗ ಇನ್ನೂ ಹೊಸಿಲೇ ದಾಟಲಿಲ್ಲವಲ್ಲ, ಅಷ್ಟು ಹೊತ್ತಿಗೆ ನಮ್ಮ ದನ ಹಸ್ತಿನಾವತಿ ಸೇರಿರುತ್ತವೆ.”

ನಮ್ಮ ದನ ಎಂದಳು, ಗಮನಿಸಿ. ಅಷ್ಟರಮಟ್ಟಿಗೆ ಅವಳು ಕಥೆಯೊಳಗೆ ಇದ್ದಳು. ಕಥೆ ಎಲ್ಲಿಗೆ ಹೋಗಬೇಕೆಂಬುದು ಅವಳಿಗೆ ಗೊತ್ತಿತ್ತು. ವ್ಯಾಖ್ಯಾನಕಾರರು ದೊಡ್ಡ ಮನುಷ್ಯರು, ಬೇಸರಪಡಲಿಲ್ಲ. ಅವಳಿಗೆ ಕೈಮುಗಿದು, ಮರುಗಳಿಗೆಯೇ ಬೃಹನ್ನಳೆಯನ್ನು ಸಾರಥಿಯಾಗಿ ರಥವೇರಿಸಿದರು. ಕೌರವ ಸೇನೆಯನ್ನು ಕಂಡು ಉತ್ತರ ರಥದಿಂದ ಧುಮುಕಿ ಓಡಿದಾಗ, ಅರ್ಜುನ ಬೆನ್ನಟ್ಟಿ ಅವನನ್ನು ಹಿಡಿದಾಗ, ಶಮೀವೃಕ್ಷದಿಂದ ಗಾಂಡೀವವನ್ನು ಇಳಿಸಿದಾಗ ಆ ಗುಡಿಯ ಮುಂದೆ ಎದ್ದ ಸಂತೋಷದ ಉದ್ಗಾರ ಇಂದಿಗೂ ನನ್ನ ಕಿವಿಯಲ್ಲಿದೆ. ಕುಮಾರವ್ಯಾಸನು ಉತ್ತರನಿಗೆ ಎಷ್ಟು ಪದ್ಯ ಬೇಕೋ ಅಷ್ಟನ್ನೇ ಕೊಟ್ಟಿದ್ದಾನೆ. ತಟ್ಟೆಯ ಕಾಸು ಕೇಳಿದ್ದು ಅದಕ್ಕಿಂತ ಹೆಚ್ಚು.

ಕುಮಾರವ್ಯಾಸನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಅವನು ಬರೆದದ್ದು ಹತ್ತು ಪರ್ವಗಳು ಮಾತ್ರ, ಗದಾಪರ್ವಕ್ಕೆ ನಿಲ್ಲಿಸಿದ. ಮುಂದಿನ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದು ಪೂರೈಸಿದ. ಕನ್ನಡಕ್ಕೆ ಮುಂದುವರಿದ ಭಾಗ ಎಂಬುದು ನಿನ್ನೆ ಮೊನ್ನೆ ಬಂದದ್ದಲ್ಲ. ಆದರೆ ನಮ್ಮ ಹಳ್ಳಿಗಳ ವಾಚನಗಳಲ್ಲಿ ಇಂದಿಗೂ ಕೇಳಿಬರುವವನು ಹೆಚ್ಚಾಗಿ ಕುಮಾರವ್ಯಾಸನೇ. ಯುದ್ಧ ಮುಗಿದ ಮೇಲೆ ಕೇಳುಗನ ಎದೆಯಲ್ಲಿ ಕಥೆ ಮುಗಿದಿರುತ್ತದೆ. ಮುಂದಿನದನ್ನು ಅರಸ ಬಯಸಿದ.

ಸಮಯ ಓಡುತ್ತಿದೆ, ನಮ್ಮ ಕನ್ನಡ ಚಿತ್ರಗಳಿಗೆ ಬರೋಣ. ಕೋಲಾರದ ಕೇಳುಗರು ‘ಕೆ.ಜಿ.ಎಫ್.’ ಬಗ್ಗೆ ಏನೂ ಹೇಳಲಿಲ್ಲವೆಂದು ಈಗಾಗಲೇ ಗೊಣಗುತ್ತಿರಬಹುದು. 2018ರಲ್ಲಿ ಮೊದಲ ಅಧ್ಯಾಯ, 2022ರಲ್ಲಿ ಎರಡನೆಯದು ಬಂದವು. ಚಿತ್ರದ ನರಾಚಿ ಕಲ್ಪಿತ ಊರು, ನಿಮ್ಮ ನಿಜವಾದ ಗಣಿ 2001ರಲ್ಲಿಯೇ ಮುಚ್ಚಿತು, ಆ ನೋವು ಬೇರೆ. ಚಿತ್ರದ ಮಟ್ಟಿಗೆ ಹೇಳುವುದಾದರೆ, ಬದುಕು ಹೇಗೇ ಇರಲಿ, ಸಾಯುವಾಗ ದೊಡ್ಡವನಾಗಿ ಸಾಯಬೇಕೆಂದು ತಾಯಿ ಮಗನಿಂದ ಭಾಷೆ ತೆಗೆದುಕೊಂಡ ಗಳಿಗೆಯಲ್ಲಿಯೇ ಎರಡನೆಯ ಭಾಗ ಹುಟ್ಟಿತು. ಗಣಿಯನ್ನು ಆಳುವ ಗರುಡ ಸತ್ತರೆ ಗಣಿ ಕೈಗೆ ಬರುತ್ತದೆ, ಭಾಷೆ ತೀರುವುದಿಲ್ಲ. ಆದ್ದರಿಂದ ಅದು ಕಥೆ ಕೇಳಿದ ಭಾಗವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ, ಗಲ್ಲಾಪೆಟ್ಟಿಗೆಯೂ ತುಂಬಿತೆಂಬುದು ನಂತರದ ಮಾತು.

ಮೂರು ಪುಸ್ತಕಗಳನ್ನು ಒಂದೇ ಚಿತ್ರವಾಗಿಸುವ ಸಾಹಸವನ್ನೂ ಕನ್ನಡ ಕಂಡಿದೆ. 1972ರ ‘ನಾಗರಹಾವು’ ಚಿತ್ರವನ್ನು ನೋಡಿದವರಲ್ಲಿ ಬಹಳ ಮಂದಿಗೆ ಅದರ ಹಿಂದೆ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಿವೆ ಎಂಬುದು ತಿಳಿದಿಲ್ಲ. ಇಂದಿನ ದಿನವಾಗಿದ್ದರೆ ಮೂರು ಭಾಗಗಳೆಂದು ಮೊದಲೇ ಘೋಷಿಸಿಬಿಡುತ್ತಿದ್ದರು. ಪುಟ್ಟಣ್ಣ ಕಣಗಾಲರು ಹಾಗೆ ಮಾಡದೆ, ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರ ನಡುವಿನ ಪ್ರೀತಿಯನ್ನೇ ಬೆನ್ನೆಲುಬಾಗಿ ಹಿಡಿದು ಉಳಿದದ್ದನ್ನು ಅದಕ್ಕೆ ತಕ್ಕಂತೆ ಜೋಡಿಸಿದರು. ಗುರುವಿನ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಟ್ಟ ಹುಡುಗ, ಮಾರ್ಗರೆಟ್‌ಳ ವಿಷಯದಲ್ಲಿ ಅದೇ ಗುರುವಿಗೆ ತಲೆಬಾಗಲಾರ; ಇಡೀ ಚಿತ್ರ ನಿಂತಿರುವುದು ಈ ಒಂದು ಎಳೆಯ ಮೇಲೆ. ಮೂಲ ಲೇಖಕರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ, ಬರೆದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಚಿತ್ರದುರ್ಗದ ಕೋಟೆಯ ಮೇಲೆ ನಡೆಯುವ ಆ ಕಥೆ ತನಗೆ ಬೇಕಾದಷ್ಟೇ ಉದ್ದವಾಗಿದೆ, ಒಂದು ಗೇಣೂ ಹೆಚ್ಚಿಲ್ಲ.

ಸತ್ಯಜಿತ್ ರೇ ಅವರ ಅಪು ಚಿತ್ರತ್ರಯದ ಬಗ್ಗೆ ಹೇಳಲು ಬಹಳವಿತ್ತು. ಬಿಭೂತಿಭೂಷಣ ಬಂದೋಪಾಧ್ಯಾಯರ ಎರಡು ಕಾದಂಬರಿಗಳಿಂದ 1955, 1956 ಮತ್ತು 1959ರಲ್ಲಿ ಮೂರು ಚಿತ್ರಗಳು ಬಂದವೆಂದೂ, ಮೊದಲನೆಯದನ್ನು ಮಾಡುವಾಗ ಮೂರು ಚಿತ್ರಗಳ ಯೋಜನೆಯೇ ಇರಲಿಲ್ಲವೆಂದೂ, ಅಪು ಎಂಬ ಹುಡುಗ ಬೆಳೆದಂತೆ ಕಥೆಯೇ ಅವರನ್ನು ಮುಂದಕ್ಕೆ ಕರೆದೊಯ್ದಿತೆಂದೂ ಇಷ್ಟರಲ್ಲಿಯೇ ಮುಗಿಸುತ್ತೇನೆ. ಹ್ಯಾರಿ ಪಾಟರ್ ಮಾಲೆಯಲ್ಲಿ ಏಳು ಪುಸ್ತಕಗಳಿಗೆ ಎಂಟು ಚಿತ್ರಗಳೇಕೆ ಎಂಬುದನ್ನು ನೀವೇ ಯೋಚಿಸಿ. ಕೊನೆಯ ಪುಸ್ತಕ 2010 ಮತ್ತು 2011ರಲ್ಲಿ ಎರಡು ಚಿತ್ರಗಳಾಯಿತು, ಅವುಗಳಲ್ಲಿ ಮೊದಲನೆಯದನ್ನು ಕೈಯಲ್ಲಿ ಪುಸ್ತಕ ಹಿಡಿದು ನೋಡಿರಿ, ಉತ್ತರ ತಾನೇ ಹೊಳೆಯುತ್ತದೆ.

ಬಿಟ್ಟದ್ದನ್ನು ಎಣಿಸುವ ಗೆಳೆಯರಿಗಾಗಿ ಕೊನೆಯದಾಗಿ ಒಂದು ಸಂಗತಿ. ಮಾರಿಯೋ ಪೂಜೋ ಅವರ ‘ದಿ ಗಾಡ್‌ಫಾದರ್’ ಕಾದಂಬರಿಯಲ್ಲಿ ಮಾಫಿಯಾ ಕುಟುಂಬವೊಂದರ ತಂದೆಯಾದ ವೀಟೋ ಕೊರ್ಲಿಯೋನೆಯ ಯೌವನದ ಕಥೆ ವಿಸ್ತಾರವಾಗಿದೆ. 1972ರ ಚಿತ್ರದಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅದನ್ನು ಪೂರ್ತಿಯಾಗಿ ಕೈಬಿಟ್ಟರು. ಎರಡು ವರ್ಷಗಳ ನಂತರ ಬಂದ ಎರಡನೆಯ ಭಾಗದಲ್ಲಿ, ಆ ಬಿಟ್ಟ ಪುಟಗಳನ್ನೇ ತಂದು ಮಗನ ಮುಂದಿನ ಬದುಕಿನ ಪಕ್ಕದಲ್ಲಿರಿಸಿದರು: ಅಲ್ಲಿ ತಂದೆ ಒಂದು ಕುಟುಂಬವನ್ನು ಕಟ್ಟುತ್ತಿದ್ದಾನೆ, ಇಲ್ಲಿ ಮಗ ಅದನ್ನು ಒಡೆಯುತ್ತಿದ್ದಾನೆ. ಆ ಹೊಂದಾಣಿಕೆ ಮೊದಲ ಚಿತ್ರದೊಳಗೆ ಸಾಧ್ಯವೇ ಇರಲಿಲ್ಲ. ಮುಂದುವರಿದ ಭಾಗವೊಂದಕ್ಕೆ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಮೊದಲ ಬಾರಿಗೆ ದೊರೆತದ್ದು ಆ ಚಿತ್ರಕ್ಕೇ.

ಬರುವ ರಜೆಯಲ್ಲಿ ತ.ರಾ.ಸು. ಅವರ ಆ ಮೂರು ಕಾದಂಬರಿಗಳನ್ನು ಗ್ರಂಥಾಲಯದಿಂದ ತಂದು ಓದಿ, ಆನಂತರ ‘ನಾಗರಹಾವು’ ಚಿತ್ರವನ್ನು ಮತ್ತೊಮ್ಮೆ ನೋಡಿ. ಓದುವಾಗ, ಮೂರು ಚಿತ್ರಗಳನ್ನಾಗಿ ಮಾಡಿದ್ದರೆ ಯಾವ ಪುಟದಲ್ಲಿ ನಿಲ್ಲಿಸುತ್ತಿದ್ದಿರೆಂದು ಪೆನ್ಸಿಲಿನಿಂದ ಚೀಟಿಯೊಂದರ ಮೇಲೆ ಗುರುತು ಹಾಕಿಕೊಳ್ಳಿ, ಪುಸ್ತಕದ ಮೇಲೆ ಬೇಡ. ನಮಸ್ಕಾರ.