ಹನ್ನೊಂದನೇ ತಾರೀಖು

ಕೇಳುಗರಿಗೆ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಆಡಿಟರ್ ಆಫೀಸು ನಡೆಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಪಾರ್ಟಿಯೊಬ್ಬರು ಫೈಲು ವಾಪಸ್ ಕೇಳಿದರು. ಪೈಪ್ ವ್ಯಾಪಾರಿ. ಫೀಸು ಜಾಸ್ತಿ ಆಯ್ತೇನೋ ಅಂದುಕೊಂಡೆ. ಅಲ್ಲ. "ಸಾರ್, ನನ್ನ ಬಿಲ್ಲು ಟೂಬಿಯಲ್ಲಿ ಬಂದಿಲ್ಲ ಅಂತ ಸರಕು ತಗೊಂಡವರು ಬೈತಾ ಇದಾರೆ" ಅಂದರು.

ಟೂಬಿ ಏನು ಅಂತ ಹೇಳಿಬಿಡುತ್ತೇನೆ. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವ ವ್ಯಾಪಾರಿ, ಹಿಂದಿನ ತಿಂಗಳ ಮಾರಾಟದ ಬಿಲ್ಲುಗಳನ್ನು 11ನೇ ತಾರೀಖಿನೊಳಗೆ ಜಿಎಸ್‌ಟಿ ಪೋರ್ಟಲ್‌ಗೆ ಹಾಕಬೇಕು. 14ಕ್ಕೆ ಕೊಂಡವರ ಖಾತೆಯಲ್ಲಿ ಆ ಬಿಲ್ಲುಗಳ ಪಟ್ಟಿ ತಯಾರಾಗುತ್ತದೆ. ಅದೇ 2ಬಿ. 11 ತಪ್ಪಿತು ಅಂದರೆ ಬಿಲ್ಲು ಮುಂದಿನ ತಿಂಗಳ ಪಟ್ಟಿಗೆ ಹೋಗುತ್ತದೆ. 2 ಲಕ್ಷದ ಪೈಪಿಗೆ ಶೇಕಡಾ 18ರಂತೆ 36,000 ರೂಪಾಯಿ ತೆರಿಗೆ. ಬಿಲ್ಲು 2ಬಿಯಲ್ಲಿ ಇಲ್ಲದಿದ್ದರೆ, 20ನೇ ತಾರೀಖು ತಮ್ಮ ತೆರಿಗೆ ಕಟ್ಟುವಾಗ ಅಷ್ಟನ್ನು ಅದರಲ್ಲಿ ಮುರಿದುಕೊಳ್ಳೋಕೆ ಆಗದೆ, ಕೊಂಡವರು ಕೈಯಿಂದ ಹಾಕಬೇಕು. ಬೈಯದೆ ಇರ್ತಾರಾ?

ತಪ್ಪು ನಮ್ಮದೇ. ಕೆಲಸದ ಹುಡುಗ ತಂಗಿಯ ಮದುವೆಗೆ ಊರಿಗೆ ಹೋಗಿದ್ದ. ಬಿಲ್ಲುಗಳು ಅವನ ವಾಟ್ಸ್‌ಆ್ಯಪ್‌ನಲ್ಲೇ ಕೂತಿದ್ದವು. ತಡವಾದ ದಿನಕ್ಕೆ 50 ರೂಪಾಯಿಯಂತೆ ಲೇಟ್ ಫೀ ನಾವೇ ಕಟ್ಟಿದೆವು. ಅವರು ಮಾತ್ರ ಉಳಿಯಲಿಲ್ಲ.

ಕಾನೂನು ಎಷ್ಟು ಓದಿಕೊಂಡಿದ್ದೇವೆ ಅಂತ ನೋಡಿ ಯಾರೂ ನಮ್ಮಲ್ಲಿ ಉಳಿಯೋದಿಲ್ಲ. ಇದು ನನ್ನ ಅನುಭವ. ತಾರೀಖು ತಪ್ಪೋದಿಲ್ಲ ಅನ್ನೋ ಧೈರ್ಯಕ್ಕೆ ಉಳಿಯುತ್ತಾರೆ.

ಆಮೇಲೆ ಗೋಡೆಗೆ ಒಂದು ಬಿಳಿ ಬೋರ್ಡು ಹಾಕಿದೆ. 7ಕ್ಕೆ ಟಿಡಿಎಸ್, 11ಕ್ಕೆ ಬಿಲ್ಲು, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ, ಅಂದರೆ ಜಿಎಸ್‌ಟಿ ತೆರಿಗೆ ಕಟ್ಟುವ ರಿಟರ್ನು. ಪಕ್ಕದಲ್ಲಿ ಪಾರ್ಟಿಗಳ ಹೆಸರು. ಒಂದೊಂದು ಹೆಸರಿನ ಮುಂದೆ ನಮ್ಮವರು ಇಬ್ಬರು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರಿಗೆ ಫೈಲು ಗೊತ್ತಿರಬೇಕು. ಬಿಲ್ಲುಗಳು ಆಫೀಸಿನ ನಂಬರಿಗೇ ಬರಬೇಕು, ಯಾರ ಸ್ವಂತ ಫೋನಿಗೂ ಅಲ್ಲ. ಸಲ್ಲಿಸಿದ ಕೂಡಲೇ ರಸೀದಿ ಕಳಿಸುತ್ತೇವೆ, ಅವರು ಕೇಳುವ ಮೊದಲೇ.

ಸೋಮವಾರ ಬೆಳಿಗ್ಗೆ ಎಲ್ಲರ ಪೋರ್ಟಲ್ ತೆರೆದು ನೋಟಿಸು ಇದೆಯಾ ನೋಡುತ್ತೇವೆ. ಬೇಜಾರಿನ ಕೆಲಸವೇ. ಆದರೆ ನೋಟಿಸಿಗೆ ಉತ್ತರ ಕೊಡೋಕೂ ಗಡುವು ಇರುತ್ತದೆ. ಯಾರೂ ನೋಡದಿದ್ದರೂ ಆ ದಿನಗಳು ಓಡುತ್ತಲೇ ಇರುತ್ತವೆ.

ಇಷ್ಟೆಲ್ಲ ಮಾಡಿದರೂ ಒಂದು ಸಲ ಸಿಕ್ಕಿಬಿದ್ದೆವು. ಎಲ್ಲ ತಯಾರಾಗಿತ್ತು, ಒಟಿಪಿ ಒಂದೇ ಬಾಕಿ. ಅದು ಹೋಗುವುದು ಮಾಲೀಕರ ಮೊಬೈಲಿಗೆ. ಅವರು ತಿರುಮಲದಲ್ಲಿ ದರ್ಶನದ ಕ್ಯೂನಲ್ಲಿದ್ದರು, ಫೋನು ಕೌಂಟರಿನಲ್ಲಿ! ರಾತ್ರಿ ಹನ್ನೊಂದಕ್ಕೆ ಅವರು ಲಡ್ಡು ಹಿಡಿದು ಹೊರಗೆ ಬಂದ ಮೇಲೆ ನಮ್ಮ ಕೆಲಸ ಮುಗಿಯಿತು. ಈಗ 8ನೇ ತಾರೀಖಿಗೇ ಎಲ್ಲರಿಗೂ ಫೋನ್ ಮಾಡಿ ಕೇಳುತ್ತೇವೆ: "ಸಾಹುಕಾರ್ರೇ, ಎಲ್ಲಾದರೂ ಹೊರಟಿದ್ದೀರಾ?"

ನಮಸ್ಕಾರ.