ಸೊಂಟ ನೋವು ಮತ್ತು ಗಂಡ ಹೆಂಡತಿಯ ಹಾಸಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಸೊಂಟ ನೋವು ನಮ್ಮ ಜಿಲ್ಲೆಗೆ ಹೊಸದಲ್ಲ. ಶಿರಸಿ, ಸಿದ್ದಾಪುರದ ಕಡೆ ಬೆಟ್ಟದಿಂದ ಸೊಪ್ಪು, ದರಕು ಹೊತ್ತವರಿದ್ದಾರೆ. ರಾತ್ರಿ ಹೊತ್ತಿನವರೆಗೆ ಕೂತು ಅಡಿಕೆ ಸುಲಿದವರಿದ್ದಾರೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಬಲೆ ಎಳೆದವರು, ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವರು ಇದ್ದಾರೆ. 60 ದಾಟುವಾಗ ಆ ದುಡಿಮೆಯೆಲ್ಲ ಸೊಂಟಕ್ಕೆ ಬಂದು ಕೂರುತ್ತದೆ.

ಯಾವ ಎಣ್ಣೆ ಒಳ್ಳೆಯದು, ಯಾವ ಡಾಕ್ಟರು ಒಳ್ಳೆಯವರು ಎಂದು ಎಲ್ಲರೂ ಮಾತಾಡುತ್ತಾರೆ. ಈ ನೋವಿನಿಂದ ಗಂಡ ಹೆಂಡತಿಯ ನಡುವೆ ಏನಾಯಿತು ಎಂದು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಇದು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ನೆಲ ಗಟ್ಟಿ, ಸೊಂಟಕ್ಕೆ ಒಳ್ಳೆಯದು ಎಂದು ಯಜಮಾನರು ಜಗುಲಿಯಲ್ಲಿ ಚಾಪೆ ಹಾಸುತ್ತಾರೆ. ಅಮ್ಮ ಒಳಕೋಣೆಯಲ್ಲಿ ಮೊಮ್ಮಗುವಿನ ಜೊತೆ ಮಲಗುತ್ತಾರೆ. ಸ್ವಲ್ಪ ದಿನಕ್ಕೆ ಅದೇ ರೂಢಿಯಾಗುತ್ತದೆ. ಹತ್ತಿರ ಹೋದರೆ ಸೊಂಟ ಹಿಡಿದುಕೊಂಡೀತು ಎಂಬ ಹೆದರಿಕೆ ಯಜಮಾನರದ್ದು. ನಾನು ಇವರಿಗೆ ಬೇಡವಾದೆ ಎಂಬ ಸಂಕಟ ಅಮ್ಮನದ್ದು. ನೋವು ಹೆಂಡತಿಗಿದ್ದರೆ ಇನ್ನೂ ಕಷ್ಟ. ಆಕೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಾಳೆ, ಗಂಡನಿಗೆ ಗೊತ್ತೇ ಆಗುವುದಿಲ್ಲ. ನೋವಿಗಿಂತ ಈ ಮೌನವೇ ಜಾಸ್ತಿ ದೂರ ಮಾಡುತ್ತದೆ ಎಂದು ನನಗನ್ನಿಸುತ್ತದೆ. ಅಂದ ಹಾಗೆ, ಬರೀ ನೆಲವೇ ಆಗಬೇಕೆಂದಿಲ್ಲ. ತೀರಾ ಮೆತ್ತಗೂ ಅಲ್ಲದ, ತೀರಾ ಗಟ್ಟಿಯೂ ಅಲ್ಲದ ಹಾಸಿಗೆ ಹೆಚ್ಚಿನವರಿಗೆ ಹಿತ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆಸೆಗೆ ವಯಸ್ಸಿನ ಗಡಿ ಇಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ.

ಮೊದಲು ನಿಮ್ಮ ನೋವು ಯಾವ ಬಗೆಯದು ಎಂದು ಗಮನಿಸಿ. ಮುಂದೆ ಬಗ್ಗಿದಾಗ, ತುಂಬಾ ಹೊತ್ತು ಕೂತಾಗ ಜಾಸ್ತಿಯಾಗುತ್ತದೆಯೇ? ಬೆನ್ನುಮೂಳೆಗಳ ನಡುವಿನ ಮೆತ್ತೆಯ, ಅಂದರೆ ಡಿಸ್ಕ್‌ನ, ತೊಂದರೆಯಲ್ಲಿ ಹೀಗಾಗುವುದುಂಟು. ಅಥವಾ ನಿಂತಾಗ, ನಡೆದಾಗ, ಹಿಂದಕ್ಕೆ ಬಾಗಿದಾಗ ನೋವು ಬಂದು, ಕೂತರೆ ಕಡಿಮೆಯಾಗುತ್ತದೆಯೇ? ಬೆನ್ನುಹುರಿಯ ದಾರಿ ಇಕ್ಕಟ್ಟಾದ ಹಿರಿಯರಲ್ಲಿ ಇದು ಸಾಮಾನ್ಯ.

ಗಂಡ ಹೆಂಡತಿ ಸೇರುವಾಗ ಪಕ್ಕಕ್ಕೆ ತಿರುಗಿ ಮಲಗಿದರೆ ಎಲ್ಲರಿಗೂ ಆರಾಮ ಎಂದು ಹಿಂದೆ ಹೇಳುತ್ತಿದ್ದರು. 2014ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಆರೋಗ್ಯವಂತ ದಂಪತಿಗಳ ಬೆನ್ನುಮೂಳೆ ಆ ಹೊತ್ತಿನಲ್ಲಿ ಹೇಗೆ ಬಾಗುತ್ತದೆ ಎಂದು ಅಳೆದು ನೋಡಿದರು. ಎಲ್ಲರಿಗೂ ಒಂದೇ ಭಂಗಿ ಹೊಂದುವುದಿಲ್ಲ ಎಂದು ಕಂಡಿತು. ಬಗ್ಗಿದರೆ ನೋವು ಬರುವವರು ಮೊಣಕಾಲು ಮಡಚಿ ಪಕ್ಕಕ್ಕೆ ಮಲಗಿದರೆ ಬೆನ್ನು ಇನ್ನಷ್ಟು ಬಾಗುತ್ತದೆ. ಅಂಥವರು ಅಂಗಾತ ಮಲಗಿ ಸೊಂಟದ ಕೆಳಗೆ ಸಣ್ಣದಾಗಿ ಸುತ್ತಿದ ಟವೆಲ್ ಇಟ್ಟುಕೊಳ್ಳಬಹುದು. ಹಿಂದಕ್ಕೆ ಬಾಗಿದರೆ ನೋವು ಬರುವವರಿಗೆ ಮೊಣಕಾಲಿನ ಕೆಳಗೆ ದಿಂಬು ಹಿತ. ಮೊಣಕಾಲು ಮಡಚಿ ಪಕ್ಕಕ್ಕೆ ಮಲಗುವುದೂ ಇವರಿಗೆ ಒಗ್ಗುತ್ತದೆ. ನೋವಿದ್ದವರು ಆದಷ್ಟು ಅಲುಗಾಡದೆ ಇರಲಿ, ಇನ್ನೊಬ್ಬರು ನಿಧಾನವಾಗಿ ನಡೆದುಕೊಳ್ಳಲಿ. ನೋವಾದ ಕೂಡಲೇ "ಸಾಕು" ಎನ್ನಲು ಇಬ್ಬರಿಗೂ ಸಲಿಗೆ ಇರಬೇಕು.

ನಮ್ಮ ಬಚ್ಚಲ ಒಲೆಯ ಬಿಸಿನೀರು ಇಲ್ಲಿ ದೊಡ್ಡ ಉಪಕಾರ. ಸಂಜೆ ಸ್ನಾನ ಮಾಡಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಆಮೇಲೆ ಒಬ್ಬರಿಗೊಬ್ಬರು ಸೊಂಟಕ್ಕೆ ಎಣ್ಣೆ ತಿಕ್ಕಿ. ಅವತ್ತು ಅಷ್ಟಕ್ಕೇ ಮುಗಿದರೂ ಏನಂತೆ? ಮುಟ್ಟಿಸಿಕೊಳ್ಳುವುದೂ ಸುಖವೇ ಅಲ್ವಾ? ಮುಟ್ಟು ನಿಂತ ಹೆಂಗಸರಿಗೆ ಗುಪ್ತಾಂಗ ಒಣಗಿದಂತಾಗಿ ಉರಿ ಬರುವುದುಂಟು. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಲೂಬ್ರಿಕೆಂಟ್ ಜೆಲ್, ಅಂದರೆ ಜಾರುವಂತೆ ಮಾಡುವ ಜೆಲ್, ಸಿಗುತ್ತದೆ.

ಇನ್ನೊಂದು ಮಾತು. ನರದ ನೋವಿಗೆ ಕೊಡುವ ಕೆಲವು ಮಾತ್ರೆಗಳು, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಆಸೆಯನ್ನು ಕಡಿಮೆ ಮಾಡಬಹುದು. ನೀವಾಗಿಯೇ ನಿಲ್ಲಿಸಬೇಡಿ. "ಈ ಮಾತ್ರೆ ಶುರು ಮಾಡಿದ ಮೇಲೆ ನಮ್ಮಿಬ್ಬರ ನಡುವೆ ಮೊದಲಿನ ಹಾಗಿಲ್ಲ, ಬದಲಿಸಬಹುದಾ?" ಎಂದು ಡಾಕ್ಟರನ್ನು ಕೇಳಿ. ಅವರಾಗಿ ಕೇಳಲಿ ಎಂದು ಕಾದರೆ ಹೆಚ್ಚಿನವರು ಕೇಳುವುದೇ ಇಲ್ಲ.

ಕೆಲವು ಲಕ್ಷಣ ಕಂಡರೆ ಮಾತ್ರ ಎಣ್ಣೆ, ಬಿಸಿನೀರು ಎಂದು ಕಾಯಬೇಡಿ. ತೊಡೆಯ ಸಂದು, ಗುಪ್ತಾಂಗದ ಸುತ್ತ ಜೋಮು ಹಿಡಿದಂತಾಗುವುದು, ಮೂತ್ರ ಕಟ್ಟುವುದು, ಮಲ ಮೂತ್ರದ ಹಿಡಿತ ತಪ್ಪುವುದು, ಕಾಲಿನ ಬಲ ಕುಂದುವುದು, ಇವೆಲ್ಲ ಬೆನ್ನಿನ ಕೆಳಭಾಗದ ನರಗಳು ಒತ್ತಿಹೋಗುತ್ತಿರುವ ಸೂಚನೆ. ಬೆಳಗಾಗಲಿ ಎನ್ನದೆ ಆಗಲೇ ಗಾಡಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ.