ಕಾರ್ಪೆಟ್ ಮೇಲೆ ಪೇಂಟ್ ಚೆಲ್ಲಿತಾ? ಉಜ್ಜಬೇಡಿ, ಮೊದಲು ಇದನ್ನು ನೋಡಿ

[ದೃಶ್ಯ: ಕಾರ್ಪೆಟ್ ಮೇಲೆ ಹಸಿ ಪೇಂಟ್, ಹತ್ತಿರದಿಂದ]

ನಮಸ್ಕಾರ. ಪೇಂಟ್ ಚೆಲ್ಲಿದ ತಕ್ಷಣ ಸಿಕ್ಕಿದ ಬಟ್ಟೆ ತಗೊಂಡು ಗಸಗಸ ಉಜ್ಜುವುದು ಎಲ್ಲರಿಗೂ ಅಭ್ಯಾಸ, ಅಲ್ವಾ? ದಯವಿಟ್ಟು ಬೇಡ. ಉಜ್ಜಿದಷ್ಟೂ ಬಣ್ಣ ಎಳೆಗಳ ಬುಡಕ್ಕೆ ಇಳಿಯುತ್ತದೆ, ಕಲೆಯೂ ಅಗಲವಾಗುತ್ತದೆ.

ಮೊದಲು ಅದು ಎಂಥ ಪೇಂಟ್ ಅಂತ ನೋಡಿ. ಡಬ್ಬದ ಮೇಲೆ ನೀರು ಬೆರೆಸಿ ಎಂದಿದ್ದರೆ ಅದು ನೀರಿನ ಪೇಂಟ್, ಗೋಡೆಗೆ ಹೊಡೆಯುವ ಎಮಲ್ಷನ್ ಥರದ್ದು. ಟರ್ಪೆಂಟೈನ್ ಬೆರೆಸಿ ಎಂದಿದ್ದರೆ ಆಯಿಲ್ ಪೇಂಟ್.

[ದೃಶ್ಯ: ಸ್ಪಿರಿಟ್ ಹಾಕಿದ ಹತ್ತಿ]

ಡಬ್ಬ ಇಲ್ಲ, ಕಲೆಯೂ ಒಣಗಿದೆ ಅನ್ನುವವರು ಹತ್ತಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಸ್ಪಿರಿಟ್, ಹಾಕಿ ಕಲೆಯ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿಗೆ ಬಂದರೆ ಅದು ಬಹುತೇಕ ನೀರಿನ ಪೇಂಟ್.

ಹಸಿ ನೀರಿನ ಪೇಂಟ್ ಸುಲಭ. ಚಮಚದಿಂದ ಅಂಚಿನಿಂದ ನಡುವಿನ ಕಡೆಗೆ ಬಾಚಿ ತೆಗೆಯಿರಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಿಕ್ಕ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಿಳಿ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಒತ್ತಿ ಎತ್ತಿ, ಮತ್ತೆ ಒತ್ತಿ. ಬಣ್ಣದ ಬಟ್ಟೆ ಬೇಡ, ಅದರ ಬಣ್ಣವೂ ಕಾರ್ಪೆಟ್‌ಗೆ ಹತ್ತಬಹುದು. ಈಗಲೇ ಪುರುಸೊತ್ತಿಲ್ಲವೇ? ಒದ್ದೆ ಬಟ್ಟೆ ಮುಚ್ಚಿಡಿ, ಒಣಗಲು ಬಿಡಬೇಡಿ. ಯಾಕೆಂದರೆ ನೀರು ಆರಿದ ಮೇಲೆ ಪೇಂಟ್‌ನೊಳಗಿನ ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಪೊರೆಯಾಗುತ್ತವೆ, ಆ ಪೊರೆ ಎಷ್ಟು ನೀರು ಸುರಿದರೂ ಕರಗುವುದಿಲ್ಲ.

ಹಾಗೆ ಒಣಗಿಬಿಟ್ಟಿದ್ದರೆ ಸ್ಪಿರಿಟ್ ಹಾಕಿದ ಬಟ್ಟೆಯನ್ನು ಕೆಲವು ನಿಮಿಷ ಒತ್ತಿಡಿ. ಪೊರೆ ಮೆತ್ತಗಾದಾಗ ಮೊಂಡು ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಕೆರೆಯಿರಿ. ತಾಳ್ಮೆ ಬೇಕು.

[ದೃಶ್ಯ: ತೆರೆದ ಕಿಟಕಿ, ಕೈಗವಸು]

ಆಯಿಲ್ ಪೇಂಟ್‌ಗೆ ಟರ್ಪೆಂಟೈನೇ ಬೇಕು. ಆದರೆ ಅದನ್ನು ನೇರವಾಗಿ ಕಾರ್ಪೆಟ್ ಮೇಲೆ ಸುರಿಯಲೇಬೇಡಿ. ಎಷ್ಟೋ ಕಾರ್ಪೆಟ್‌ಗಳಲ್ಲಿ ಎಳೆಗಳನ್ನು ಹಿಡಿದಿಡುವುದು ಕೆಳಗಿನ ಲೇಟೆಕ್ಸ್ ಅಂಟು, ಟರ್ಪೆಂಟೈನ್ ಇಳಿದರೆ ಅದೂ ಬಿಟ್ಟುಕೊಳ್ಳುತ್ತದೆ. ಬಟ್ಟೆಗೆ ಹಾಕಿ ಒತ್ತಿ, ಆಮೇಲೆ ಸೋಪಿನ ನೀರಿನಿಂದ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು.

ನೇಲ್ ಪಾಲಿಶ್ ರಿಮೂವರ್ ಸುಮ್ನೆ ಹಾಕಬೇಡಿ. ಅದರಲ್ಲಿ ಅಸಿಟೋನ್ ಇದ್ದು, ನಿಮ್ಮ ಕಾರ್ಪೆಟ್ ಅಸಿಟೇಟ್ ಎಳೆಯದ್ದಾಗಿದ್ದರೆ ಎಳೆಯೇ ಕರಗುತ್ತದೆ. ಉಣ್ಣೆಯದ್ದಾದರೆ ಬ್ಲೀಚ್, ಬಿಸಿನೀರು ಎರಡೂ ಬೇಡ. ಏನೇ ಹಾಕುವುದಿದ್ದರೂ ಮೊದಲು ಸೋಫಾ ಕೆಳಗಿನ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ.

ಕೊನೆಗೆ ಬರೀ ನೀರಿನಿಂದ ಸೋಪು ತೆಗೆಯಿರಿ, ಅದು ಉಳಿದರೆ ಅಲ್ಲೇ ಜಾಸ್ತಿ ಕೊಳೆ ಹಿಡಿಯುತ್ತದೆ. ಬಿಳಿ ಟಿಶ್ಯೂ ದಪ್ಪಗೆ ಹಾಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಕಲೆ ಹೋಯಿತು ಅಂದುಕೊಂಡಿದ್ದು ಬೆಳಿಗ್ಗೆ ಮತ್ತೆ ಕಾಣುವುದು ಬುಡದ ಬಣ್ಣ ಒಣಗುವಾಗ ಮೇಲಕ್ಕೆ ಏರುವುದರಿಂದ. ಈ ಟಿಶ್ಯೂ ಅದನ್ನು ಹೀರಿಕೊಳ್ಳುತ್ತದೆ.

ಹಾಂ, ಆಯಿಲ್ ಪೇಂಟ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ತಾವಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.